ಇನ್ನೂ ಐದು ಪಂದ್ಯ ಇವೆ

ಓದುಗರ ಪತ್ರ: ನಮಸ್ಕಾರ ಸಾರ್. ನಮ್ಮೂರ ಹುಡುಗರ ಫುಟ್‌ಬಾಲ್ ತಂಡ ಈ ಸಲ ಮೊದಲ ಬಾರಿಗೆ ಜಿಲ್ಲೆಯ ಲೀಗ್‌ನಲ್ಲಿ ಆಡುತ್ತಿದೆ. ಹತ್ತು ತಂಡಗಳಿವೆ. ಮೂರು ಪಂದ್ಯ ಆಡಿ ಮೂರೂ ಸೋತೆವು. ನನ್ನ ಮಗ ರೈಟ್ ಬ್ಯಾಕ್, ಅಂದರೆ ಬಲಗಡೆ ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು. ಊರಲ್ಲಿ ಚಂದಾ ಕೊಟ್ಟವರು ಈಗ ಮುಖ ಕೊಟ್ಟು ಮಾತಾಡುತ್ತಿಲ್ಲ, ಕೋಚ್ ಬದಲಾಯಿಸಿ ಅನ್ನುತ್ತಾರೆ. ಇನ್ನೂ ಆಸೆ ಇಟ್ಟುಕೊಳ್ಳುವುದು ಸರಿಯಾ? ಇಲ್ಲ, ನಮಗೆ ನಾವೇ ಸುಳ್ಳು ಹೇಳಿಕೊಳ್ಳುತ್ತಿದ್ದೇವಾ?
– ಮೂಡಿಗೆರೆ ತಾಲ್ಲೂಕಿನ ಒಬ್ಬ ಓದುಗ

ಸಂಪಾದಕರ ಉತ್ತರ: ಆಸೆ ಇಟ್ಟುಕೊಳ್ಳಿ. ಆದರೆ ಯಾವುದರ ಮೇಲೆ ಅನ್ನೋದು ಮುಖ್ಯ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತೆ’ ಅಂತ ಎರಡು ಸಾಲು ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ಹೋದ ಭಾನುವಾರ ಚಿಕ್ಕಮಗಳೂರಿನ ಮೈದಾನಕ್ಕೆ ಹೋಗಿ ನಿಮ್ಮ ಹುಡುಗರ ನಾಲ್ಕನೇ ಪಂದ್ಯ ಪೂರ್ತಿ ನೋಡಿದೆ. ಅದನ್ನೂ ಸೋತಿರಿ, 1–2. ಆದರೂ ನೋಡಿದ ಮೇಲೆ ನನಗೆ ನಂಬಿಕೆ ಜಾಸ್ತಿಯೇ ಆಗಿದೆ.

ಯಾಕೆ ಅಂತೀರಾ? ಮೊದಲ ಅರ್ಧದಲ್ಲಿ ನಿಮ್ಮ ಮಗ ಏನು ಮಾಡಿದ ಅನ್ನೋದನ್ನು ನೀವು ಗಮನಿಸಿದ್ದೀರೋ ಇಲ್ಲವೋ ಗೊತ್ತಿಲ್ಲ. ಬಲಗಡೆ ಮುಂದೆ ಆಡುವ ಆ ಕುಳ್ಳ ಹುಡುಗ ಚೆಂಡು ಹಿಡಿದು ನಿಂತ ಕೂಡಲೇ ನಿಮ್ಮ ಮಗ ಅವನ ಹೊರಗಿನಿಂದ ಗೆರೆ ಪಕ್ಕದಲ್ಲೇ ಓಡಿದ. ಎದುರಾಳಿಗೆ ಇಬ್ಬರಲ್ಲಿ ಯಾರನ್ನು ಹಿಡಿಯಬೇಕು ಅಂತಲೇ ಗೊತ್ತಾಗಲಿಲ್ಲ. ಪಾಸ್ ಬಂತು, ಗೋಲಿನ ಮುಂದಕ್ಕೆ ಕ್ರಾಸ್ ಹೋಯಿತು, ಹತ್ತಿರದ ಪೋಸ್ಟ್ (ಗೋಲು ಕಂಬ) ಬಳಿ ಇನ್ನೊಬ್ಬ ಹೆಡ್ ಮಾಡಿ ಗೋಲು ಹಾಕಿದ. ಇದು ಅದೃಷ್ಟದ ಗೋಲಲ್ಲ. ಅದೇ ಓಟ, ಅದೇ ಪಾಸ್ ಮತ್ತೆ ಮತ್ತೆ ಬಂತು. ಕಲಿಸಿದ್ದನ್ನು ಹುಡುಗರು ಮಾಡುತ್ತಿದ್ದಾರೆ ಅಂತ ಅರ್ಥ. ಅದನ್ನು ಕಲಿಸಿದ ಕೋಚನ್ನು ತೆಗೆಯಬೇಕು ಅಂತ ನಿಮ್ಮೂರಿನವರು ಹೇಳುತ್ತಿದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ.

ಎರಡೂ ಗೋಲು ಬಿಟ್ಟಿದ್ದು ಕೊನೆಯ ಇಪ್ಪತ್ತು ನಿಮಿಷದಲ್ಲಿ. ಹುಡುಗರು ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನಿಂತಿದ್ದರು. ಒಂದು ಗೋಲು ಕಾರ್ನರ್‌ನಿಂದ, ಅಂದರೆ ಮೈದಾನದ ಮೂಲೆಯಿಂದ ಒದ್ದ ಚೆಂಡಿನಿಂದ ಬಂತು, ದೂರದ ಪೋಸ್ಟ್ ಕಾಯಲು ಯಾರೂ ಇರಲಿಲ್ಲ. ಪಂದ್ಯ ಮುಗಿದ ಮೇಲೆ ಕೋಚ್ ಹತ್ತಿರ ಮಾತಾಡಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮೂರ ಮೈದಾನದಲ್ಲಿ ನೀರು ನಿಂತು ಅಭ್ಯಾಸವೇ ಆಗಲಿಲ್ಲವಂತೆ. ಮಲೆನಾಡಿನ ಮಳೆ ನಮಗೆ ಗೊತ್ತಿಲ್ವಾ? ಪೇಟೆಯ ತಂಡಗಳು ಅದೇ ಸಮಯದಲ್ಲಿ ಟರ್ಫ್ (ಕೃತಕ ಹುಲ್ಲಿನ ಮೈದಾನ) ಬಾಡಿಗೆಗೆ ತೆಗೆದುಕೊಂಡು ಸಂಜೆ ಲೈಟ್ ಹಾಕಿಸಿ ಆಡಿವೆ. ಅಂದರೆ ನಿಮ್ಮ ಹುಡುಗರು ಲೀಗ್ ಶುರುವಾದ ಮೇಲೆ ಮೈ ಪಳಗಿಸಿಕೊಳ್ಳುತ್ತಿದ್ದಾರೆ. ಉಸಿರು ವಾರದಿಂದ ವಾರಕ್ಕೆ ಸುಧಾರಿಸುತ್ತದೆ. ಆಟವೇ ಬರದಿದ್ದರೆ ನಾಲ್ಕೈದು ವಾರದಲ್ಲಿ ಬರಿಸುವುದು ಕಷ್ಟವಾಗುತ್ತಿತ್ತು.

ಇನ್ನೊಂದು ವಿಷಯ. ನೀವು ಆಡಿದ ನಾಲ್ಕರಲ್ಲಿ ಎರಡು ತಂಡ ಹೋದ ವರ್ಷದ ಮೊದಲ ಮತ್ತು ಎರಡನೇ ಸ್ಥಾನದವು. ಆ ಗಂಡಾಂತರ ಮುಗಿಯಿತು. ಈಗಿನ ಪಟ್ಟಿಯಲ್ಲಿ ನಿಮ್ಮ ಮೇಲಿರುವ ಎಷ್ಟೋ ತಂಡಗಳಿಗೆ ಅವರ ಜೊತೆ ಆಡುವುದು ಇನ್ನೂ ಬಾಕಿ ಇದೆ.

ದೊಡ್ಡ ತಂಡದ ಕಥೆ ಒಂದು ಹೇಳುತ್ತೇನೆ. ನಮ್ಮ ಜಿಲ್ಲೆಯಿಂದಲೂ ಹುಡುಗರು ಬಸ್ ಹತ್ತಿ ಕಂಠೀರವಕ್ಕೆ ಹೋಗಿ ನೋಡಿ, ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸಲ್ಲಿ ವಾಪಸ್ ಬರುವ ತಂಡ ಬೆಂಗಳೂರು ಎಫ್‌ಸಿ. 2022–23ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಅವರು ಮೊದಲ 12 ಪಂದ್ಯಗಳಲ್ಲಿ ಎಂಟು ಸೋತಿದ್ದರು. ಗೆದ್ದಿದ್ದು ಮೂರು, ಡ್ರಾ ಒಂದು. ಮುಂಬೈ ವಿರುದ್ಧ 0–4. ಡಿಸೆಂಬರ್ ಕೊನೆಗೆ ಕೈಯಲ್ಲಿದ್ದದ್ದು ಬರೀ 10 ಅಂಕ. ಕೋಚ್ ಸೈಮನ್ ಗ್ರೇಸನ್ ಅವರನ್ನು ಕ್ಲಬ್ ಉಳಿಸಿಕೊಂಡಿತು. ಅವರು ಸುನಿಲ್ ಛೆಟ್ರಿಯಂಥ ಆಟಗಾರನನ್ನೇ ಬೆಂಚಲ್ಲಿ ಕೂರಿಸಿ, ಶಿವಶಕ್ತಿ ಅನ್ನೋ ಹುಡುಗನನ್ನು ರಾಯ್ ಕೃಷ್ಣ ಜೊತೆ ಮುಂದೆ ಆಡಿಸಿದರು. ಛೆಟ್ರಿ ನಂತರ ಬದಲಿಯಾಗಿ ಇಳಿಯುತ್ತಿದ್ದರು. ಜನವರಿಯಿಂದ ಉಳಿದ ಎಂಟಕ್ಕೆ ಎಂಟೂ ಪಂದ್ಯ ಗೆದ್ದರು! ಅದರಲ್ಲಿ ಅಲ್ಲಿಯವರೆಗೆ 18 ಪಂದ್ಯ ಸೋಲದೆ ಬಂದಿದ್ದ ಅದೇ ಮುಂಬೈ ವಿರುದ್ಧ 2–1 ಗೆಲುವೂ ಒಂದು. 34 ಅಂಕ, ನಾಲ್ಕನೇ ಸ್ಥಾನ, ಫೈನಲ್. ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್ ಎದುರು ಪೆನಾಲ್ಟಿಯಲ್ಲಿ ಸೋತರು. ಕಪ್ ಬರಲಿಲ್ಲ, ನಿಜ. ಆದರೆ ಡಿಸೆಂಬರ್‌ನಲ್ಲಿ ಟಿವಿ ಆಫ್ ಮಾಡಿ ಎದ್ದು ಹೋದವರಿಗೆ ಆ ಎಂಟು ಗೆಲುವಿನ ಸುಖ ಸಿಕ್ಕಿತಾ?

ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಮುಂದಿನ ವರ್ಷವೂ ಅದೇ ಕೋಚ್, ಮತ್ತೆ ಕೆಟ್ಟ ಆರಂಭ. ಆ ಸಲ ತಂಡ ಮೇಲೇಳಲೇ ಇಲ್ಲ. 2023ರ ಡಿಸೆಂಬರ್‌ನಲ್ಲಿ ಕೋಚ್ ಹೋದರು, ತಂಡ 12ರಲ್ಲಿ 10ನೇ ಸ್ಥಾನಕ್ಕೆ ಮುಗಿಸಿತು. ಹಾಗಾಗಿ ‘ಆಸೆ ಇಟ್ಟರೆ ಗೆದ್ದೇ ಗೆಲ್ಲುತ್ತೀವಿ’ ಅಂತ ನಾನು ಹೇಳುವುದಿಲ್ಲ. ಯಾರು ಹಾಗೆ ಹೇಳಿದರೂ ನಂಬಬೇಡಿ. ಸೋತ ಪಂದ್ಯದ ಒಳಗೆ ಏನಿತ್ತು ಅಂತ ನೋಡಬೇಕು. ಅವಕಾಶ ಹುಟ್ಟುತ್ತಿದೆಯಾ, ಗೋಲು ಬಿಡುವುದಕ್ಕೆ ಕಾರಣ ತಿದ್ದುವಂಥದ್ದಾ, ಹುಡುಗರು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದಾರಾ ಅಥವಾ ಗೋಲು ಬಿಟ್ಟ ಮೇಲೂ ಚೆಂಡು ಎತ್ತಿಕೊಂಡು ಮಧ್ಯಕ್ಕೆ ಓಡುತ್ತಿದ್ದಾರಾ. ನಿಮ್ಮ ಹುಡುಗರು ಓಡಿದರು. ನಾನು ಕಣ್ಣಾರೆ ನೋಡಿದೆ.

2022ರ ವಿಶ್ವಕಪ್ ನೆನಪಿದೆ ಅಲ್ವಾ? 36 ಪಂದ್ಯ ಸೋಲದೆ ಬಂದ ಅರ್ಜೆಂಟೀನಾ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಗೆ 1–2ರಿಂದ ಸೋತಿತು. ಆ ಪಂದ್ಯದ ಮೊದಲ ಅರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ (ಪಾಸ್ ಬರುವ ಮೊದಲೇ ಎದುರಾಳಿಯ ರಕ್ಷಕರನ್ನು ದಾಟಿ ನಿಂತಿದ್ದರು) ಅಂತ ರದ್ದಾಗಿದ್ದವು. ಗೋಲಿನ ದಾರಿ ತೆರೆದೇ ಇತ್ತು ಅಂತಾಯಿತು. ಕೋಚ್ ಸ್ಕಲೋನಿ ಮುಂದಿನ ಪಂದ್ಯಕ್ಕೆ ಐವರನ್ನು ಬದಲಾಯಿಸಿದರು. ಹಾಗೆ ಒಳಗೆ ಬಂದ ಮ್ಯಾಕ್ ಅಲಿಸ್ಟರ್, ಬದಲಿಯಾಗಿ ಇಳಿದು ಗೋಲು ಹಾಕಿದ ಎನ್ಜೊ ಫೆರ್ನಾಂಡಿಸ್ ಇಬ್ಬರೂ ಕಪ್ ಎತ್ತುವವರೆಗೆ ತಂಡದಲ್ಲಿ ಉಳಿದರು. ನಿಮ್ಮ ತಂಡದಲ್ಲೂ ಬೆಂಚಲ್ಲಿ ಕೂತ ಹುಡುಗರಿದ್ದಾರೆ. ಕೊನೆಯ ಅರ್ಧ ಗಂಟೆಗೆ ಇಬ್ಬರನ್ನು ಇಳಿಸಿ ಅಂತ ಕೋಚ್‌ಗೆ ಹೇಳಿದ್ದೇನೆ, ಅವರಿಗೂ ಸರಿ ಅನ್ನಿಸಿದೆ. ವಾರದಲ್ಲಿ ಒಂದು ಸಂಜೆ ಪೂರ್ತಿ ಕಾರ್ನರ್ ತಡೆಯುವುದಕ್ಕೇ ಇಡಿ ಅಂತಲೂ ಹೇಳಿದ್ದೇನೆ.

ಚಂದಾ ಕೊಟ್ಟವರ ಮಾತಿಗೆ ಬರೋಣ. ಅವರ ಬೇಜಾರು ನನಗೆ ಅರ್ಥವಾಗುತ್ತದೆ, ಜೆರ್ಸಿಗೆ ಬೂಟಿಗೆ ಕೈಯಿಂದ ದುಡ್ಡು ಬಿಚ್ಚಿದ್ದಾರೆ. ಆದರೆ ಅವರಲ್ಲಿ ಎಷ್ಟು ಜನ ಮೈದಾನಕ್ಕೆ ಬಂದು ನೋಡಿದ್ದಾರೆ? ಭಾನುವಾರ ನಿಮ್ಮ ಕಡೆಯವರು ಅಂತ ಅಲ್ಲಿದ್ದವರು ಕೈಬೆರಳಲ್ಲಿ ಎಣಿಸುವಷ್ಟು. ಸ್ಕೋರ್ ಕೇಳಿ ಮುಖ ತಿರುಗಿಸುವವರನ್ನು ಒಂದು ಜೀಪಲ್ಲಿ ತುಂಬಿಸಿಕೊಂಡು ಬನ್ನಿ, ಪಂದ್ಯ ತೋರಿಸಿ. ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ 1968–69ರಲ್ಲಿ ಮೈಸೂರು ಅನ್ನೋ ಹೆಸರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. 54 ವರ್ಷ! ನಡುವೆ ಎಷ್ಟು ತಂಡ ಕಟ್ಟಿದರು, ಎಷ್ಟು ಸಲ ಬರಿಗೈಲಿ ಬಂದರು. ನಿಮ್ಮೂರಿನವರು ನಾಲ್ಕು ಭಾನುವಾರಕ್ಕೆ ಸುಸ್ತಾದರೆ ಹೇಗೆ?

ಒಂದು ಎಚ್ಚರಿಕೆ ಮಾತ್ರ. ಇನ್ನೇನು ಅರೇಬಿಕಾ ಹಣ್ಣು ಕುಯ್ಲು ಶುರುವಾಗುತ್ತದೆ. ನಿಮ್ಮ ತಂಡದ ಕೆಲವು ಹುಡುಗರು ತೋಟದ ಕೆಲಸಕ್ಕೆ ಹೋಗುವವರು ಅಂತ ಕೋಚ್ ಹೇಳಿದರು. ಶನಿವಾರ ಇಡೀ ದಿನ ಹಣ್ಣು ಕುಯ್ದು, ಮೂಟೆ ಹೊತ್ತು, ಭಾನುವಾರ ಬಂದು ಆಡಿದರೆ ಕೊನೆಯ ಇಪ್ಪತ್ತು ನಿಮಿಷದ ಕಥೆ ಮತ್ತೆ ಅದೇ ಆಗುತ್ತದೆ. ತೋಟದ ರೈಟರ್ (ಕೆಲಸದವರ ಲೆಕ್ಕ ನೋಡಿಕೊಳ್ಳುವವರು) ಹತ್ತಿರ ನೀವೇ ಹೋಗಿ ಮಾತಾಡಿ. ಉಳಿದ ವಾರಗಳು ಮಾತ್ರ ಶನಿವಾರ ಮಧ್ಯಾಹ್ನದ ಮೇಲೆ ಬಿಡಿ ಅಂತ ಕೇಳಿ. ಚಂದಾದಲ್ಲಿ ಉಳಿದ ದುಡ್ಡಿದ್ದರೆ ಆ ಹುಡುಗರ ಅರ್ಧ ದಿನದ ಕೂಲಿ ತುಂಬಿಕೊಡಿ. ಕೋಚ್ ಬದಲಾಯಿಸುವುದಕ್ಕಿಂತ ಇದರಿಂದ ಜಾಸ್ತಿ ಪ್ರಯೋಜನ.

ಲೀಗ್ ಗೆಲ್ಲುತ್ತೀರಾ ಅಂತ ಕೇಳಿದರೆ, ಇಲ್ಲ. ಉಳಿದ ಐದರಲ್ಲಿ ಎರಡು ಗೆಲುವು, ಒಂದು ಡ್ರಾ ಸಿಗಬಹುದು ಅನ್ನೋದು ನನ್ನ ಲೆಕ್ಕ. ಏಳು ಅಂಕ ಬಂದರೆ ಕೊನೆಯ ಸ್ಥಾನ ತಪ್ಪಬೇಕು. ಇದು ನಿಮಗೆ ನೀವೇ ಹೇಳಿಕೊಳ್ಳುವ ಸುಳ್ಳಲ್ಲ. ಮುಂದಿನ ಭಾನುವಾರ ನಾನೂ ಬರುತ್ತೇನೆ, ನಮ್ಮ ಆಫೀಸಿನ ಇಬ್ಬರು ಹುಡುಗರೂ ಬರುತ್ತಾರಂತೆ. ನಿಮ್ಮ ಮಗನಿಗೆ ಹೇಳಿ, ಸೋತೆವು ಅಂತ ಹೆದರಿ ಹಿಂದೆ ನಿಲ್ಲುವುದು ಬೇಡ, ಆ ಗೆರೆ ಪಕ್ಕದ ಓಟ ಹಾಗೇ ಇರಲಿ. ಅವನು ಮೇಲೆ ಹೋದಾಗ ಹಿಂದಿನ ಜಾಗ ಯಾರು ತುಂಬಬೇಕು ಅನ್ನೋದನ್ನು ಮಾತ್ರ ಈ ವಾರವೇ ಕೋಚ್ ಹತ್ತಿರ ಕೂತು ತೀರ್ಮಾನ ಮಾಡಿಕೊಳ್ಳಲಿ. ಎರಡನೇ ಗೋಲು ಬಂದಿದ್ದು ಅಲ್ಲಿಂದಲೇ.