ಕಲ್ಲು ಯಾವ ಹೊಲದ್ದು?

ಪ್ರಶ್ನೆ: ಮಸ್ಕಿ ಹತ್ತಿರ ನಮ್ಮದೊಂದು ಎರೆ ಹೊಲ ಇದೆ. ಹರಗುವಾಗ ಬ್ಲೇಡಿನಂಥ ಸಣ್ಣ ಚಕಮಕಿ ಚೂರುಗಳು ಸಿಗುತ್ತಿರುತ್ತವೆ. ಈ ಸಲ ಅಂಗೈ ಉದ್ದದ ಕರಿ ಕಲ್ಲಿನ ಕೊಡಲಿಯೂ ಸಿಕ್ಕಿತು. ಎಲ್ಲವನ್ನೂ ಮ್ಯೂಸಿಯಂಗೆ ಕೊಡಿ ಅನ್ನುತ್ತಾರೆ ಮೇಷ್ಟ್ರು. ಊರು ಬಿಟ್ಟು ಹೋಗಬಾರದು ಅನ್ನುತ್ತಾರೆ ಅಪ್ಪ. ನಡುವೆ ಒಬ್ಬರು ಬಂದು ರೇಟು ಕೇಳಿ ಹೋದರು. ಏನು ಮಾಡಲಿ? (ಹೆಸರು ಬೇಡ ಎಂದ ಓದುಗರು)

ಉತ್ತರ: ಕೊನೆಯ ಮಾತಿಗೆ ಮೊದಲ ಉತ್ತರ. ಮಾರಬೇಡಿ. 1972ರ ಕಾನೂನಿನಂತೆ ಪುರಾತನ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ರೇಟು ಕೇಳಿದವರ ಹತ್ತಿರ ಅದಿತ್ತಾ ಅಂತ ನೀವು ಕೇಳಿರಲಿಕ್ಕಿಲ್ಲ, ಅಲ್ವಾ?

ಇನ್ನು ಚಕಮಕಿ. ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡಗಳಲ್ಲಿ ಸಿಗುವ ಅಸಲಿ ಚಕಮಕಿ, ಅಂದರೆ ಫ್ಲಿಂಟ್, ನಮ್ಮ ಕಡೆಯ ಕಲ್ಲಲ್ಲ. ನಮ್ಮಲ್ಲಿರುವುದು ಅದರ ದಾಯಾದಿಗಳು: ಚರ್ಟ್, ಕ್ಯಾಲ್ಸೆಡನಿ, ಅಗೇಟ್. ಇವೂ ಉಕ್ಕಿಗೆ ಬಡಿದರೆ ಕಿಡಿ ಕಾರುತ್ತವೆ, ಗಾಜಿನ ಹಾಗೆ ಒಡೆದು ಚೂಪು ಅಂಚು ಬಿಡುತ್ತವೆ. 1954ರಲ್ಲಿ ನಿಮ್ಮ ಮಸ್ಕಿಯಲ್ಲಿ ಅಗೆದಾಗಲೂ ಇಂಥ ಅಲಗುಗಳು ಬಂದಿದ್ದವು. ಒಂದು ಚೂರನ್ನು ಬೆಳಕಿಗೆ ಹಿಡಿದು ನೋಡಿ. ಎರಡೂ ಅಂಚು ಒಂದಕ್ಕೊಂದು ನೇರವಾಗಿ, ಬೆನ್ನಿನ ಮೇಲೆ ಉದ್ದ ಏಣು ಇದ್ದು, ಒಂದು ತುದಿಯಲ್ಲಿ ಏಟು ಬಿದ್ದ ಕಡೆ ಸಣ್ಣ ಉಬ್ಬು ಕಂಡರೆ ಅದು ಕೈಯಿಂದ ಮಾಡಿದ್ದು. ಚಕ್ಕಡಿ ಗಾಲಿಗೆ ಸಿಕ್ಕು ಒಡೆದ ಕಲ್ಲಿನಲ್ಲಿ ಇದೆಲ್ಲ ಒಟ್ಟಿಗೆ ಇರುವುದಿಲ್ಲ.

ಕರಿ ಕೊಡಲಿ ಬಹುಶಃ ಡಾಲರೈಟ್ ಎಂಬ ಗಟ್ಟಿ ಕರಿ ಕಲ್ಲಿನದು. ಬಳ್ಳಾರಿ ಪಕ್ಕದ ಸಂಗನಕಲ್ಲು ಮತ್ತು ಕುಪ್ಪಗಲ್ಲು ಗುಡ್ಡಗಳಲ್ಲಿ ಸುಮಾರು 4000 ವರ್ಷಗಳ ಹಿಂದೆ ಈ ಕಲ್ಲಿನ ಕಾರ್ಖಾನೆಯೇ ಇತ್ತು. ಒಡೆದು, ಕುಟ್ಟಿ, ಬಂಡೆಗೆ ತಿಕ್ಕಿ ನುಣುಪು ಮಾಡುತ್ತಿದ್ದರು. ತಿಕ್ಕಿದ ಗುಣಿಗಳು ಬಂಡೆಗಳ ಮೇಲೆ ಈಗಲೂ ಇವೆ. ಅಲ್ಲಿನ ಕೊಡಲಿಗಳು ದೂರದ ಊರುಗಳಿಗೂ ಹೋಗುತ್ತಿದ್ದವು. ನಿಮ್ಮದು ಅಲ್ಲಿಯದೇ ಅಂತ ನಾನು ಹೇಳಲಾರೆ, ಡಾಲರೈಟ್ ಬೇರೆ ಕಡೆಯೂ ಉಂಟು. ಆದರೆ ಅಲ್ಲಿಯದೇ ಆಗಿದ್ದರೆ? ನಿಮ್ಮ ಹೊಲದವರೆಗೆ ಅದನ್ನು ಯಾರೋ ಹೊತ್ತು ತಂದಿದ್ದಾರೆ. ಆ ದಾರಿ ಗೊತ್ತಾಗಬೇಕಾದರೆ ಕೊಡಲಿ ಸಿಕ್ಕ ಜಾಗ ಗೊತ್ತಿರಬೇಕು.

ಮೇಷ್ಟ್ರ ಮಾತು ತಪ್ಪಲ್ಲ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿಯ ಹೆಸರಿನ ಒಳ್ಳೆಯ ಮ್ಯೂಸಿಯಂ ಇದೆ, ಒಮ್ಮೆ ಹೋಗಿ ನೋಡಿ. ಅಷ್ಟು ಹೇಳಿ ನಾನು ನಿಮ್ಮ ಅಪ್ಪನ ಕಡೆ ನಿಲ್ಲುತ್ತೇನೆ.

ಯಾಕೆ ಅಂತೀರಾ? ಕಾಲೇಜು ದಿನಗಳಲ್ಲಿ ನನಗೂ ಈ ಹುಚ್ಚಿತ್ತು. ಸಿಂಧನೂರು ಕಡೆಯ ಐದಾರು ಹೊಲಗಳಲ್ಲಿ ಆಯ್ದದ್ದನ್ನೆಲ್ಲ ಒಂದೇ ಗೋಣಿಚೀಲಕ್ಕೆ ಸುರಿದು ತಂದೆ. ಮನೆಯಲ್ಲಿ ಚೀಲ ಬಿಚ್ಚಿದಾಗ ಯಾವುದು ಎಲ್ಲಿಯದು ಅಂತ ನನಗೇ ತಿಳಿಯಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಒಂದು ಮ್ಯೂಸಿಯಂಗೆ ಕೊಟ್ಟೆ. ಹೆಸರು ಬೇಡ ಬಿಡಿ. ಹತ್ತು ವರ್ಷ ಬಿಟ್ಟು ಹೋದರೆ ಗಾಜಿನ ಹಿಂದೆ ಒಂದು ಚೀಟಿ: ‘ಕಲ್ಲಿನ ಆಯುಧ, ರಾಯಚೂರು ಜಿಲ್ಲೆ.’ ರಾಯಚೂರು ಜಿಲ್ಲೆ ಅಂದರೆ ಎಷ್ಟು ಅಗಲ ಅಂತ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು. ಅವರನ್ನು ಬೈಯಲು ನನಗೆ ಬಾಯಿಯೂ ಇರಲಿಲ್ಲ. ನಾನು ಹೇಳಿದ್ದರಲ್ಲವೇ ಅವರು ಬರೆಯುವುದು!

ನಮ್ಮ ಅಜ್ಜಿಯ ಊರಲ್ಲಿ ಬೇವಿನ ಕಟ್ಟೆ ಮೇಲೆ ಇಂಥದೇ ಕರಿ ಕೊಡಲಿ ಇತ್ತು. ಸಿಡಿಲ ಕಲ್ಲು ಅನ್ನುತ್ತಿದ್ದರು, ಆಕಾಶದಿಂದ ಬಿದ್ದದ್ದಂತೆ. ಅದು ತಪ್ಪು ಅಂತ ನನಗೆ ಗೊತ್ತು. ಆದರೆ ಯಾರ ಹೊಲದಲ್ಲಿ, ಯಾವ ಒಡ್ಡಿನ ಹತ್ತಿರ ಸಿಕ್ಕಿತು ಅಂತ ಇಡೀ ಊರು ಬಾಯಿಪಾಠ ಹೇಳುತ್ತಿತ್ತು. ನನ್ನ ಚೀಲಕ್ಕಿಂತ ಆ ಕಟ್ಟೆಯೇ ಮೇಲು.

ಇಲ್ಲಿ ನನ್ನ ಹಳೆಯ ಸಿಟ್ಟನ್ನೂ ಹೇಳಿಬಿಡುತ್ತೇನೆ. ಭಾರತದ ಶಿಲಾಯುಗ ಅಂದ ಕೂಡಲೇ 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಫೂಟ್‌ಗೆ ಕಲ್ಲಿನ ಕೊಡಲಿ ಸಿಕ್ಕಿತು ಅಂತ ಶುರು ಮಾಡುತ್ತಾರೆ. ಫೂಟ್ ದೊಡ್ಡವರೇ. ಆದರೆ ಅದಕ್ಕೂ 21 ವರ್ಷ ಮೊದಲು, 1842ರಲ್ಲಿ, ಡಾಕ್ಟರ್ ಪ್ರಿಮ್‌ರೋಸ್ ಎಂಬವರಿಗೆ ಲಿಂಗಸುಗೂರಿನಲ್ಲಿ ಕಲ್ಲಿನ ಚಾಕು, ಬಾಣದ ಮೊನೆ ಸಿಕ್ಕಿದ್ದವು. ನಿಮ್ಮೂರಿಗೆ ಲಿಂಗಸುಗೂರು ಎಷ್ಟು ದೂರ? ನಮ್ಮ ಮಕ್ಕಳು ಹರಪ್ಪದ ಚರಂಡಿ ಬಗ್ಗೆ ಎರಡು ಪುಟ ಬರೆಯುತ್ತಾರೆ, ಲಿಂಗಸುಗೂರಿನ ಚಾಕು ಕೇಳಿದರೆ ಮುಖ ಮುಖ ನೋಡುತ್ತಾರೆ. ಫೂಟ್ ಜೀವಮಾನವಿಡೀ ಕೂಡಿಸಿದ್ದೂ 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರಿತು.

ಬೂದಿ ದಿಬ್ಬಗಳ ಪಾಡು ಇನ್ನೂ ಕೆಟ್ಟದ್ದು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಕುಡತಿನಿಯಲ್ಲೂ ದೊಡ್ಡದೊಂದು ದಿಬ್ಬ ಇದೆ. ಇವು ಹೊಸ ಶಿಲಾಯುಗದ ದನಗಾಹಿಗಳ ಸಗಣಿ ರಾಶಿ ಸುಟ್ಟ ಬೂದಿ. ಗೊಬ್ಬರ ಅಂತ ಎಷ್ಟು ದಿಬ್ಬಗಳ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಸಾಗಿಸಲಿಲ್ಲ! ಅತ್ತ ಕುಪ್ಪಗಲ್ಲಿನ ಗುಡ್ಡವನ್ನು ಜಲ್ಲಿಗಾಗಿ ಒಡೆದರು, ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿರುವ ಗುಡ್ಡ ಅದು.

ಇರಲಿ, ಎಲ್ಲಿಗೋ ಹೋದೆ. ನಿಮ್ಮ ಪತ್ರ ಚೆನ್ನಾಗಿತ್ತು, ಆದರೆ ಒಂದು ತಪ್ಪು ಮಾಡಿದ್ದೀರಿ. ಮೂರು ಪುಟ ಬರೆದೂ ಸರ್ವೆ ನಂಬರ್ ಬರೆದಿಲ್ಲ! ಇನ್ನು ಮೇಲೆ ಹೀಗೆ ಮಾಡಿ. ಸುಮ್ನೆ ಅಗೆಯಲು ಹೋಗಬೇಡಿ. ಮೇಲೆ ಬಂದದ್ದನ್ನು ಎತ್ತುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಅಳತೆಗೆ ಪಕ್ಕದಲ್ಲೊಂದು ನಾಣ್ಯ ಇರಲಿ. ಸರ್ವೆ ನಂಬರ್, ಯಾವ ಒಡ್ಡಿನಿಂದ ಎಷ್ಟು ಹೆಜ್ಜೆ, ತಾರೀಕು ಇಷ್ಟನ್ನು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಕಟ್ಟಿಡಿ. ತೊಳೆದು ಎಣ್ಣೆ ಹಚ್ಚಬೇಡಿ. ಊರ ಶಾಲೆಯಲ್ಲಿ ಬೀಗ ಇರುವ ಒಂದು ಬೀರು ಕೇಳಿ, ಮೇಷ್ಟ್ರು ಹೇಗೂ ಉತ್ಸಾಹದಲ್ಲಿದ್ದಾರೆ. ಪುರಾತತ್ವ ಇಲಾಖೆಗೆ ಫೋಟೊ ಸಮೇತ ಒಂದು ಪತ್ರ ಹಾಕಿ, ನಕಲು ಇಟ್ಟುಕೊಳ್ಳಿ. ಅವರು ಬಂದು ಕಲ್ಲು ಕೇಳಿದರೆ ಕೊಡಿ, ಆದರೆ ಚೀಟಿ ಸಮೇತ. ರಸೀದಿ ಕೇಳುವುದನ್ನು ಮರೆಯಬೇಡಿ.

ಕೊಡಲಿ ಸಿಕ್ಕ ಜಾಗ ಅಪ್ಪನಿಗೆ ನೆನಪಿರುತ್ತದೆ. ಅವರನ್ನೇ ಕರೆದುಕೊಂಡು ಹೋಗಿ ಹೆಜ್ಜೆ ಎಣಿಸಿ, ನನಗೂ ಒಂದು ಸಾಲು ಬರೆಯಿರಿ.