ಮುಂಭಾಗ ಗಾಜೋ, ಜಾಲರಿಯೋ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಈ ಸಲ ಗೇಮಿಂಗ್ ಕ್ಯಾಬಿನೆಟ್ ಬಗ್ಗೆಯೇ ಹೆಚ್ಚು ಪ್ರಶ್ನೆಗಳು ಬಂದಿವೆ. ಕೆಲವರು ‘ಸಿಪಿಯು ಡಬ್ಬಿ’ ಎಂದು ಬರೆದಿದ್ದಾರೆ. ಸಿಪಿಯು ಅಂದರೆ ಒಳಗಿನ ಬಿಸ್ಕತ್ತಿನಷ್ಟು ಚಿಪ್. ಹೊರಗಿನ ಉಕ್ಕಿನ ಪೆಟ್ಟಿಗೆ ಕ್ಯಾಬಿನೆಟ್. ಅಂಗಡಿಯಲ್ಲಿ ಎರಡೂ ಹೆಸರು ನಡೆಯುತ್ತವೆ, ಬಿಡಿ.

ಪ್ರಶ್ನೆ: ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಹಾಕಿ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ಒಂದೇ ಬೆಲೆಗೆ ಎರಡು ಕ್ಯಾಬಿನೆಟ್ ಸಿಗುತ್ತಿವೆ. ಒಂದಕ್ಕೆ ಮುಂಭಾಗ ಪೂರ್ತಿ ಗಾಜು, ಬಣ್ಣದ ದೀಪದ 4 ಫ್ಯಾನ್. ಇನ್ನೊಂದಕ್ಕೆ ಮುಂದೆ ಜಾಲರಿ, ದೀಪವಿಲ್ಲದ 3 ಫ್ಯಾನ್. ನಮ್ಮದು ತಂಪು ಊರು, ಗಾಜಿನದ್ದೇ ಸಾಕು ಎನ್ನುತ್ತಾರೆ ಗೆಳೆಯರು. — ಹಾಸನ

ಉತ್ತರ: ಜಾಲರಿಯದ್ದನ್ನೇ ತೆಗೆದುಕೊಳ್ಳಿ. ಯಾಕೆಂದು ಲೆಕ್ಕ ಹಾಕಿ ನೋಡೋಣ. ಆ ಕಾರ್ಡ್ ಪೂರ್ಣ ಹೊರೆಯಲ್ಲಿ 200 ವಾಟ್ ಎಳೆಯುತ್ತದೆ. ಪ್ರೊಸೆಸರಿನ ಗರಿಷ್ಠ ಮಿತಿ 117 ವಾಟ್, ಆಟದಲ್ಲಿ ಅಷ್ಟಕ್ಕೆ ಹೋಗುವುದು ಅಪರೂಪ. ಮದರ್‌ಬೋರ್ಡ್, ಎಸ್‌ಎಸ್‌ಡಿ ಸೇರಿಸಿ ಪೆಟ್ಟಿಗೆಯೊಳಗೆ ಸುಮಾರು 300 ವಾಟ್ ಶಾಖ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 40 ಘನ ಅಡಿ ಗಾಳಿ ನಿಜವಾಗಿ ಒಳಹೋಗಿ ಹೊರಬಂದರೆ, ಆ ಗಾಳಿ ಸುಮಾರು 15 ಡಿಗ್ರಿ ಬಿಸಿಯಾಗಿ ಹೊರಡುತ್ತದೆ. 80 ಘನ ಅಡಿಯಾದರೆ ಏಳೂವರೆ ಡಿಗ್ರಿ. ಏಪ್ರಿಲ್‌ನ ಮಧ್ಯಾಹ್ನ ಕೋಣೆ 32 ಡಿಗ್ರಿ ಇದ್ದರೆ, ಮೊದಲನೆಯದರಲ್ಲಿ ಒಳಗಿನ ಗಾಳಿ 47ಕ್ಕೆ ಏರಿತು. ಕಾರ್ಡಿನ ಫ್ಯಾನುಗಳು ಕೂಗಾಡುವುದು ಆಗಲೇ.

ಇನ್ನು ಗಾಜಿನ ಮುಂಭಾಗ ಎಷ್ಟು ಗಾಳಿ ಬಿಡುತ್ತದೆ? 120 ಮಿ.ಮೀ. ಫ್ಯಾನಿನ ನಡುವಿನ ಗುಬ್ಬಿಯನ್ನು ಕಳೆದರೆ ಗಾಳಿ ಹೋಗುವ ಬಾಯಿ ಸುಮಾರು 10,000 ಚದರ ಮಿ.ಮೀ. ಮೂರು ಫ್ಯಾನಿಗೆ 30,000. ಗಾಜಿನ ಎರಡೂ ಪಕ್ಕದಲ್ಲಿ 10 ಮಿ.ಮೀ. ಅಗಲ, 400 ಮಿ.ಮೀ. ಉದ್ದದ ಸೀಳು ಬಿಟ್ಟಿದ್ದರೆ ಒಟ್ಟು 8,000. ಮೂರು ಫ್ಯಾನ್ ಒಂದೇ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ. ಡಬ್ಬದ ಮೇಲೆ ‘50 ಸಿಎಫ್‌ಎಂ’ (ನಿಮಿಷಕ್ಕೆ 50 ಘನ ಅಡಿ) ಎಂದಿರುವುದು ಮುಂದೆ ಏನೂ ಅಡ್ಡವಿಲ್ಲದಾಗಿನ ಅಳತೆ, ಅದನ್ನು ನೆಚ್ಚಬೇಡಿ.

ತಂಪು ಊರಿನ ಮಾತು ಅರ್ಧ ನಿಜ. ಎರಡೂ ಜಿಲ್ಲಾ ಕೇಂದ್ರಗಳು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ಹತ್ತನೇ ಒಂದು ಪಾಲು ತೆಳು. ಫ್ಯಾನ್ ತಳ್ಳುವ ಗಾತ್ರ ಅಷ್ಟೇ, ಅದು ಹೊರುವ ಶಾಖ ಕಡಿಮೆ. ಮೇಲಿನ 15 ಡಿಗ್ರಿ ಮಂಗಳೂರಿನಲ್ಲಿ ಹದಿಮೂರೂವರೆ ಆಗುತ್ತಿತ್ತು. ಕೋಣೆ ತಂಪಿರುವುದರಿಂದ ಒಟ್ಟಿನಲ್ಲಿ ಲಾಭ ನಮಗೇ. ಹಾಗಂತ ಮುಚ್ಚಿದ ಮೂತಿಯ ಪೆಟ್ಟಿಗೆಯನ್ನು ಬೆಟ್ಟದ ಹವೆ ಉಳಿಸುವುದಿಲ್ಲ.

ಜಾಲರಿಯಲ್ಲೂ ಮೋಸವಿದೆ. ಬೆಳಕಿಗೆ ಹಿಡಿದು ನೋಡಿ. ಎದುರಿನ ಬೆಳಕು ಚೆನ್ನಾಗಿ ಕಂಡರೆ ಸರಿ. ಲೋಹದ ಜಾಲರಿ, ಅದರ ಹಿಂದೆ ಸ್ಪಂಜು, ಅದರ ಹಿಂದೆ ನೈಲಾನ್ ಪರದೆ ಅಂತ ಮೂರು ಪದರ ಇದ್ದರೆ ಅದೂ ಗಾಜಿನ ದಾಯಾದಿಯೇ. ಜೊತೆಗೆ ಕೊಟ್ಟ ಫ್ಯಾನುಗಳ ಕನೆಕ್ಟರ್ ನೋಡಿ: 4 ಪಿನ್ ಇದ್ದರೆ ವೇಗ ಚೆನ್ನಾಗಿ ಹತೋಟಿಗೆ ಬರುತ್ತದೆ, 3 ಪಿನ್ ಆದರೂ ವೋಲ್ಟೇಜ್ ಇಳಿಸಿ ನಡೆಸಬಹುದು. ನೇರ ಪವರ್ ಸಪ್ಲೈನ ದೊಡ್ಡ ಮೊಲೆಕ್ಸ್ ಪ್ಲಗ್ಗಿಗೆ ಸಿಕ್ಕಿಸುವಂಥವು ಒಂದೇ ವೇಗದಲ್ಲಿ ಹಗಲಿರುಳು ಗುಂಯ್‌ಗುಡುತ್ತವೆ.

ಗಾಜಿನದ್ದನ್ನು ಈಗಾಗಲೇ ಕೊಂಡವರು ಹೀಗೆ ಪರೀಕ್ಷಿಸಿ. ಆಟವನ್ನು 20 ನಿಮಿಷ ಓಡಿಸಿ ಕಾರ್ಡಿನ ಉಷ್ಣತೆ ಬರೆದುಕೊಳ್ಳಿ. ಮುಂಭಾಗದ ಫಲಕ ಕಳಚಿ ಅದೇ ದೃಶ್ಯದಲ್ಲಿ ಇನ್ನು 10 ನಿಮಿಷ ಬಿಡಿ. ಎರಡು ಮೂರು ಡಿಗ್ರಿ ಇಳಿದರೆ ಯೋಚನೆ ಬೇಡ. ಏಳೆಂಟು ಡಿಗ್ರಿ ಇಳಿದರೆ ಮುಂಭಾಗ ಉಸಿರುಕಟ್ಟಿದೆ ಎಂದೇ ಅರ್ಥ. ಫಲಕವನ್ನು ಸ್ಪೇಸರ್ ಇಟ್ಟು 10 ಮಿ.ಮೀ. ಮುಂದೆ ತಂದರೂ ಉಪಯೋಗವಾಗುತ್ತದೆ. ಎದುರು ಮತ್ತು ಪಕ್ಕ ಎರಡೂ ಗಾಜಿರುವ ‘ಫಿಶ್ ಟ್ಯಾಂಕ್’ ಮಾದರಿ ಬೇರೆ ಜಾತಿ: ಅದು ಅಡಿಯಿಂದ, ಇನ್ನೊಂದು ಪಕ್ಕದಿಂದ ಗಾಳಿ ಎಳೆಯುತ್ತದೆ. ಅಡಿಯಲ್ಲಿ ಫ್ಯಾನ್ ಹಾಕಿ, ಕಾಲಿನ ಎತ್ತರ 25 ಮಿ.ಮೀ. ಆದರೂ ಇದ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆ ಫ್ಯಾನುಗಳನ್ನು ಬೇರೆಯಾಗಿ ಕೊಳ್ಳಬೇಕಾದೀತು, ಬೆಲೆ ಕೂಡುವಾಗ ಮರೆಯಬೇಡಿ.

ಪ್ರಶ್ನೆ: ಕ್ಯಾಬಿನೆಟ್ಟಿನ ವಿವರದಲ್ಲಿ ‘ಕಾರ್ಡ್ 330 ಮಿ.ಮೀ.ವರೆಗೆ’ ಎಂದಿದೆ. ನನ್ನ ಕಾರ್ಡ್ 323. ಮುಂದೆ 240ರ ಲಿಕ್ವಿಡ್ ಕೂಲರ್ ಹಾಕುವ ಆಸೆ. ಹಿಡಿಯುತ್ತದೆಯೇ? — ಚನ್ನರಾಯಪಟ್ಟಣ

ಉತ್ತರ: ಹಿಡಿಯುವುದಿಲ್ಲ. ಆ 330 ಸಾಮಾನ್ಯವಾಗಿ ಮುಂದೆ ರೇಡಿಯೇಟರ್ (ಲಿಕ್ವಿಡ್ ಕೂಲರಿನ ನೀರು ತಣಿಸುವ ಭಾಗ) ಇಲ್ಲದಾಗಿನ ಅಳತೆ. ರೇಡಿಯೇಟರಿನ ದಪ್ಪ 27, ಫ್ಯಾನಿನದು 25, ಒಟ್ಟು 52 ಮಿ.ಮೀ. ಹೋದರೆ ಉಳಿಯುವುದು 278. ಕೆಲವು ತಯಾರಕರು ಮುಂದಿನ ಫ್ಯಾನನ್ನೂ ಲೆಕ್ಕಕ್ಕೆ ಹಿಡಿಯದೆ ಅಳೆದಿರುತ್ತಾರೆ. ಹಾಗಿದ್ದರೆ ಬರಿಯ ಫ್ಯಾನ್ ಇಟ್ಟರೂ 305, ನಿಮ್ಮ ಕಾರ್ಡ್ ತಾಗುತ್ತದೆ. ಟೇಪು ಹಿಡಿದು, ಹಿಂಭಾಗದ ಸ್ಲಾಟ್ ತಗಡಿನ ಒಳಮೈಯಿಂದ ಮುಂದಿನ ಫ್ಯಾನಿನ ಬೆನ್ನಿನವರೆಗೆ ನೀವೇ ಅಳೆಯಿರಿ.

ಕೂಲರನ್ನು ಮೇಲ್ಭಾಗಕ್ಕೆ ಹಾಕುವುದಾದರೆ ಎರಡು ಅಳತೆ ನೋಡಬೇಕು. 240ರ ರೇಡಿಯೇಟರ್ ನಿಜವಾಗಿ ಸುಮಾರು 275 ಮಿ.ಮೀ. ಉದ್ದ, ಎರಡು ತುದಿಯ ನೀರಿನ ತೊಟ್ಟಿಗಳಿಂದಾಗಿ. ಇನ್ನೊಂದು, ರ‍್ಯಾಮ್. ಸಾದಾ ರ‍್ಯಾಮ್ ಕಡ್ಡಿ 31ರಿಂದ 34 ಮಿ.ಮೀ. ಎತ್ತರ, ದೀಪದ ಕಿರೀಟವಿರುವವು 44 ದಾಟುತ್ತವೆ, ಮೇಲಿನ ಫ್ಯಾನಿಗೆ ತಲೆ ಬಡಿಯುತ್ತವೆ. ಹಾಗೆ ನೋಡಿದರೆ 12400ಎಫ್ ಮಟ್ಟದ ಪ್ರೊಸೆಸರಿಗೆ ಲಿಕ್ವಿಡ್ ಕೂಲರೇ ಬೇಡ. 155 ಮಿ.ಮೀ. ಆಸುಪಾಸು ಎತ್ತರದ, ಗಾಳಿಯಿಂದಲೇ ತಣಿಸುವ ಟವರ್ ಕೂಲರ್ ಸಾಕು. ಅದನ್ನು ಹಿಡಿಸುವಷ್ಟು ಅಗಲ ಪೆಟ್ಟಿಗೆಗೆ ಇರಲಿ.

ಎಲ್ಲರೂ ಮರೆಯುವ ಜಾಗ ಮದರ್‌ಬೋರ್ಡ್ ತಟ್ಟೆಯ ಹಿಂಬದಿ. ಅಲ್ಲಿ ಕನಿಷ್ಠ 20 ಮಿ.ಮೀ. ಇರದಿದ್ದರೆ 24 ಪಿನ್ನಿನ ದಪ್ಪ ಕೇಬಲ್ ಮೇಲೆ ಪಕ್ಕದ ಬಾಗಿಲು ಕೂರದು, ಮಂಡಿಯಿಂದ ಒತ್ತಿ ಸ್ಕ್ರೂ ಹಾಕಬೇಕಾಗುತ್ತದೆ. ಕಾರ್ಡಿಗೆ ಹೊಸ 12 ವೋಲ್ಟಿನ 16 ಪಿನ್ ಕನೆಕ್ಟರ್ ಇದ್ದರೆ, ಕೇಬಲ್ ಬಾಗುವ ಮೊದಲು 35 ಮಿ.ಮೀ. ನೇರ ಹೋಗಬೇಕು, ಗಾಜಿಗೆ ಒತ್ತಿ ಮಡಚಿದರೆ ಪಿನ್ ಸರಿಯಾಗಿ ಕೂರದೆ ಕಾದು ಕರಗುವ ಅಪಾಯವಿದೆ. ಜೋಡಿಸುವಾಗ ಬೋರ್ಡನ್ನು ತಟ್ಟೆಯಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡಾಫ್‌ಗಳನ್ನು ಬೋರ್ಡಿನ ತೂತುಗಳಿಗೆ ಹೊಂದಿಸಿ ಎಣಿಸಿ. ತೂತಿಲ್ಲದ ಕಡೆ ಒಂದು ಹೆಚ್ಚಾಗಿ ಉಳಿದರೂ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ, ಕಂಪ್ಯೂಟರ್ ಏಳುವುದೇ ಇಲ್ಲ.

ಪ್ರಶ್ನೆ: ತೋಟದ ಮನೆ. ಕಳೆದ ಮಳೆಗಾಲದಲ್ಲಿ ಕ್ಯಾಬಿನೆಟ್ಟಿನ ಅಂಚುಗಳಿಗೆ ತುಕ್ಕು ಬಂತು, ಫಿಲ್ಟರಿಗೆ ಬೂಷ್ಟು ಹಿಡಿಯಿತು. ಜಾಲರಿ ಕ್ಯಾಬಿನೆಟ್ ಇಟ್ಟರೆ ತೇವ ಇನ್ನೂ ಹೆಚ್ಚಾಗುವುದಿಲ್ಲವೇ? ಪ್ಲಾಸ್ಟಿಕ್ ಹೊದಿಕೆ ಹಾಕಿದರೆ? — ಮೂಡಿಗೆರೆ

ಉತ್ತರ: ಹೊದಿಕೆ ಮೊದಲು ತೆಗೆಯಿರಿ. ತೇವ ಬರುವುದು ಗಾಳಿಯ ಜೊತೆ. ಪ್ಲಾಸ್ಟಿಕ್ ಅದನ್ನು ತಡೆಯುವುದಿಲ್ಲ, ಒಳಗೆ ಕೂಡಿಹಾಕುತ್ತದೆ. ಧೂಳಿಗೆ ಹೆದರಿದರೆ ಹಳೆಯ ಹತ್ತಿ ಪಂಚೆ ಹೊದಿಸಿ.

ಓಡುವ ಕಂಪ್ಯೂಟರಿಗೆ ಆಷಾಢದ ತೇವ ಅಷ್ಟೇನೂ ಶತ್ರುವಲ್ಲ. ಹೊರಗೆ 22 ಡಿಗ್ರಿ, ಆರ್ದ್ರತೆ ಶೇ. 95 ಇದೆ ಎನ್ನಿ. ಅದೇ ಗಾಳಿ ಪೆಟ್ಟಿಗೆಯೊಳಗೆ 30 ಡಿಗ್ರಿಗೆ ಕಾದರೆ ಆರ್ದ್ರತೆ ಶೇ. 60ರ ಹತ್ತಿರಕ್ಕೆ ಇಳಿಯುತ್ತದೆ. ಬಿಸಿಯಾದ ಲೋಹದ ಮೇಲೆ ನೀರು ಕೂರುವುದಿಲ್ಲ. ಕೆಡುವುದು ಕರೆಂಟ್ ಹೋಗಿ ನಾಲ್ಕೈದು ದಿನ ಆರಿ ಕೂತಾಗ. ಆಗ ಧೂಳು ತೇವ ಹೀರಿ ಮುದ್ದೆಯಾಗುತ್ತದೆ. ಆ ಮುದ್ದೆ ಅಲ್ಪಸ್ವಲ್ಪ ವಿದ್ಯುತ್ತನ್ನೂ ಹರಿಸುತ್ತದೆ, ತಾಮ್ರದ ಗೀಟುಗಳನ್ನೂ ತಿನ್ನುತ್ತದೆ. ಹಾಗಾಗಿ ಮೇ ಕೊನೆಗೆ ಒಳಗಿನ ಧೂಳನ್ನು ಪೂರ್ತಿ ಊದಿ ತೆಗೆಯುವುದು ಮಳೆಗಾಲದ ಮುಖ್ಯ ತಯಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ. ಊರಿಗೆ ಹೋಗುವುದಾದರೆ 200 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಒಳಗಿಡಿ. ಜಾಲರಿಯ ಪೆಟ್ಟಿಗೆಯಲ್ಲಿ ಅದು ಬೇಗ ತೇವ ಹೀರಿ ತುಂಬಿಹೋಗುತ್ತದೆ, ಆ ಕೆಲವು ದಿನದ ಮಟ್ಟಿಗೆ ಮಾತ್ರ ಪ್ಲಾಸ್ಟಿಕ್ ಚೀಲದಿಂದ ಬಿಗಿಯಾಗಿ ಮುಚ್ಚಬಹುದು. ಬಂದ ಮೇಲೆ ಚೀಲವನ್ನು ತೆಗೆದೇ ಸ್ವಿಚ್ ಹಾಕಿ.

ತುಕ್ಕು ಹುಟ್ಟುವುದು ತಗಡು ಕತ್ತರಿಸಿದ ಅಂಚಿನಲ್ಲಿ. ಅಗ್ಗದ ಪೆಟ್ಟಿಗೆಗಳಲ್ಲಿ ಅರ್ಧ ಮಿ.ಮೀ. ತಗಡು, ಅಂಚು ಮಡಚಿರುವುದಿಲ್ಲ, ಬಣ್ಣವೂ ತೆಳು. ಕೊಳ್ಳುವಾಗ ಪಕ್ಕದ ಬಾಗಿಲು ತೆಗೆಸಿ ಒಳಗಿನ ಅಂಚಿನ ಮೇಲೆ ಬೆರಳಾಡಿಸಿ (ಮೆಲ್ಲಗೆ, ಕೊಯ್ಯುವಂಥವೂ ಇವೆ). ಮಡಚಿದ ಅಂಚು, ಸ್ಕ್ರೂ ತೂತಿನವರೆಗೂ ಹರಡಿದ ಬಣ್ಣ, 0.7 ಮಿ.ಮೀ. ತಗಡು ಇದ್ದರೆ ಮಲೆನಾಡಿಗೆ ಆದೀತು. ಈಗಿನ ತುಕ್ಕಿಗೆ: ಒಳಗಿನದೆಲ್ಲ ಬಿಚ್ಚಿ ಹೊರಗಿಟ್ಟು, 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಪ್ರೈಮರ್ ಹಚ್ಚಿ. ಬೋರ್ಡ್ ಇದ್ದ ಹಾಗೇ ಉಜ್ಜಿದರೆ ಉದುರುವ ಉಕ್ಕಿನ ಪುಡಿಯೇ ಶಾರ್ಟ್ ಮಾಡುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಹಿಂಭಾಗದ ಸ್ಲಾಟ್ ಮುಚ್ಚಳಗಳನ್ನು ನೋಡಿ. ಕೆಲವು ಮುರಿದು ತೆಗೆಯುವಂಥವು. ಒಮ್ಮೆ ಮುರಿದರೆ ಆ ತೂತು ಶಾಶ್ವತ, ಹಲ್ಲಿಗೆ ಹೆಬ್ಬಾಗಿಲು. ಸ್ಕ್ರೂ ಹಾಕಿ ತಿರುಗಿ ಮುಚ್ಚಬಲ್ಲಂಥದ್ದನ್ನೇ ಆರಿಸಿ. ಮೊದಲ ಮಳೆಗೆ ಏಳುವ ಈಸಲು ಹುಳುಗಳ ದಿನ ಕ್ಯಾಬಿನೆಟ್ಟಿನ ದೀಪ ಆರಿಸಿಬಿಡಿ. ಕತ್ತಲ ಕೋಣೆಯಲ್ಲಿ ಹೊಳೆಯುವ ಫ್ಯಾನಿಗಿಂತ ಒಳ್ಳೆಯ ಆಕರ್ಷಣೆ ಅವಕ್ಕೆ ಬೇರೆ ಬೇಕಿಲ್ಲ.

ಪ್ರಶ್ನೆ: ನಮ್ಮಲ್ಲಿ ಕೆಂಪು ಧೂಳು. ಫಿಲ್ಟರ್ ಇದ್ದರೂ ಒಳಗೆಲ್ಲ ಧೂಳು ಕೂರುತ್ತದೆ. — ಕಡೂರು

ಉತ್ತರ: ಫ್ಯಾನುಗಳ ಲೆಕ್ಕ ತಪ್ಪಿರಬೇಕು. ಹೊರಹಾಕುವ ಫ್ಯಾನ್ ಹೆಚ್ಚಿದ್ದರೆ ಪೆಟ್ಟಿಗೆ ಫಿಲ್ಟರಿಲ್ಲದ ಸಂದುಗಳಿಂದಲೂ ಗಾಳಿ ಎಳೆಯುತ್ತದೆ. ಊದುಬತ್ತಿ ಹಚ್ಚಿ ಹಿಂಭಾಗದ ಸ್ಲಾಟುಗಳ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ನುಗ್ಗಿದರೆ ಅದೇ ಕಾರಣ. ಮುಂದೆ ಎರಡೋ ಮೂರೋ ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಇಟ್ಟು, ಮೇಲಿನ ಫ್ಯಾನನ್ನು ಕಳಚಿ ಅಥವಾ ವೇಗ ತಗ್ಗಿಸಿ, ಮತ್ತೆ ಊದುಬತ್ತಿ ಹಿಡಿಯಿರಿ. ಹೊಗೆ ಹೊರಕ್ಕೆ ಸರಿಯಬೇಕು. ಪವರ್ ಸಪ್ಲೈನ ಅಡಿಯ ಫಿಲ್ಟರ್ ಹಿಂದಿನಿಂದಲೋ ಪಕ್ಕದಿಂದಲೋ ಎಳೆಯುವಂತಿರಲಿ. ಇಡೀ ಪೆಟ್ಟಿಗೆ ಮಗುಚಿ ತೆಗೆಯಬೇಕಾದದ್ದನ್ನು ಯಾರೂ ತೊಳೆಯುವುದಿಲ್ಲ. ನಿಮ್ಮ ಕಡೆ ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಇಲ್ಲದಿದ್ದರೆ ಅತಿವೇಗಕ್ಕೆ ಬೇರಿಂಗ್ ಹೋಗುತ್ತದೆ.

ಪ್ರಶ್ನೆ: ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಕ್ಯಾಬಿನೆಟ್ ದೋಷವೇ? — ಸಕಲೇಶಪುರ

ಉತ್ತರ: ಅಲ್ಲ, ಮನೆಯ ಅರ್ಥಿಂಗ್ ದೋಷ. ಪವರ್ ಸಪ್ಲೈ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥ್ ತಂತಿ ಇಲ್ಲದಿದ್ದರೆ ಮೈ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಅದಕ್ಕೇ ಬರೀ ಜುಮ್ಮು. ಆದರೆ ಪವರ್ ಸಪ್ಲೈ ಒಳಗೆ ಫೇಸ್ ತಂತಿ ಮೈಗೆ ತಾಗಿದ ದಿನ ಅದು ಜುಮ್ಮಾಗಿ ಉಳಿಯುವುದಿಲ್ಲ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಇದ್ದರೆ ಇವತ್ತೇ ಎಸೆಯಿರಿ. ಎಲೆಕ್ಟ್ರಿಷಿಯನ್ ಕೈಯಲ್ಲಿ ಸಾಕೆಟ್ ಅಳೆಸಿ: ಫೇಸ್‌ನಿಂದ ಅರ್ಥ್‌ಗೆ 230ರ ಹತ್ತಿರ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಬರಬೇಕು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ್ದರೆ ನೀರು ಹಾಕಿ. ರಬ್ಬರ್ ಚಾಪೆ ಹಾಸಿಕೊಂಡು ಸುಮ್ಮನಾಗಬೇಡಿ.

ಪ್ರಶ್ನೆ: ಫ್ಯಾನಿನ ದೀಪದ ಪ್ಲಗ್ಗಿಗೆ 3 ಪಿನ್, ಬೋರ್ಡಿನಲ್ಲಿ 4 ಪಿನ್. ಹೇಗಾದರೂ ಸಿಕ್ಕಿಸಬಹುದೇ? — ಬೇಲೂರು

ಉತ್ತರ: ಬೇಡ. 3 ಪಿನ್ನಿನದು 5 ವೋಲ್ಟ್, 4 ಪಿನ್ನಿನದು 12 ವೋಲ್ಟ್. ಸಿಕ್ಕಿಸಿದ ಕ್ಷಣ ದೀಪ ಸುಟ್ಟುಹೋಗುತ್ತದೆ. ಕ್ಯಾಬಿನೆಟ್ ಜೊತೆ ಸಣ್ಣ ಕಂಟ್ರೋಲರ್ ಹಬ್ ಕೊಟ್ಟಿದ್ದರೆ ಅದಕ್ಕೇ ಜೋಡಿಸಿ, ಬಣ್ಣವನ್ನು ಗುಂಡಿಯಿಂದ ಬದಲಿಸಿಕೊಳ್ಳಿ.

ಪ್ರಶ್ನೆ: ಕಳಚಿಟ್ಟ ಗಾಜಿನ ಬಾಗಿಲು ಯಾರೂ ಮುಟ್ಟದೆ ಪುಡಿಪುಡಿಯಾಯಿತು. — ಕೊಪ್ಪ

ಉತ್ತರ: ಟೈಲ್ಸ್ ನೆಲದ ಮೇಲೆ ಅಂಚು ಊರಿ ಗೋಡೆಗೆ ಒರಗಿಸಿದ್ದಿರಬೇಕು. ಹದಗೊಳಿಸಿದ ಗಾಜಿನ ನಡುಭಾಗ ಗಟ್ಟಿ, ಅಂಚು ಸೂಕ್ಷ್ಮ. ಟೈಲ್ಸ್‌ನ ಗಡಸು ಕಣ ಅಂಚಿಗೆ ಸಣ್ಣ ಗೀರು ಹಾಕಿದರೆ ಒಳಗೆ ಬಿಗಿದಿಟ್ಟ ಒತ್ತಡ ಒಮ್ಮೆಲೇ ಬಿಡುಗಡೆಯಾಗುತ್ತದೆ, ಕೆಲವೊಮ್ಮೆ ತುಸು ತಡವಾಗಿ. ಹೊಸ ಗಾಜು ಬಂದ ಮೇಲೆ, ಕಳಚಿದಾಗಲೆಲ್ಲ ಮಂಚದ ಹಾಸಿಗೆ ಮೇಲೆ ಮಲಗಿಸಿಡಿ. ಸ್ಕ್ರೂವಿನ ರಬ್ಬರ್ ವಾಷರ್ ಹಾಕಲು ಮರೆಯಬೇಡಿ, ಬೆರಳಿನಿಂದ ಬಿಗಿದರೆ ಸಾಕು.