ಲಸಿಕೆ ಬಂದ್ರೆ ಹಾಕಿಸ್ಕೋತೀರಾ ಅನ್ನೋ ಪ್ರಶ್ನೆಗೆ ನಿದ್ದೆ ಕೆಟ್ಟವರು

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ.

ನನ್ನ ಹತ್ರ ಆಪ್ತಸಲಹೆಗೆ ಬಂದ ಒಬ್ಬ ಹೆಂಗಸು. ಗಂಡನಿಗೆ ಎಚ್‌ಐವಿ ಇದೆ, ಇವ್ರಿಗಿಲ್ಲ. ಮುಂದೆ ಎಚ್‌ಐವಿಗೆ ಲಸಿಕೆ ಬಂದ್ರೆ ಹಾಕಿಸ್ಕೋತೀರಾ ಅಂತ ಯಾರೋ ಸರ್ವೆ ಮಾಡೋರು ಫಾರ್ಮ್ ಕೊಟ್ಟಿದ್ರಂತೆ, ಅದನ್ನ ವಾಪಸ್ ಕೊಡದೆ ಪರ್ಸಲ್ಲಿ ಮಡಚಿಟ್ಕೊಂಡು ಬಂದಿದ್ರು. 'ಹೌದು'ಗೆ ಟಿಕ್ ಹಾಕಿ ಹೊಡೆದು, 'ಇಲ್ಲ'ಕ್ಕೆ ಹಾಕಿ ಅದನ್ನೂ ಹೊಡೆದು, ಅಲ್ಲಿ ಪೇಪರೇ ತೂತಾಗಿತ್ತು. "ಎಲ್ರಿಗಿಂತ ಮೊದಲು ಬೇಕಾಗಿರೋಳು ನಾನೇ ಅಲ್ವಾ ಮೇಡಂ, ನನಗ್ಯಾಕೆ ಹೂಂ ಅನ್ನಕ್ಕಾಗ್ತಿಲ್ಲ?"

ಮೊದಲು ಹೇಳಿದ್ದು, ಇಂಜೆಕ್ಷನ್ನಿಂದಾನೇ ವೈರಸ್ ಬಂದುಬಿಟ್ರೆ ಅಂತ. ಮನುಷ್ಯರ ಮೇಲೆ ಪರೀಕ್ಷೆ ಮಾಡಿರೋ ಲಸಿಕೆಗಳಲ್ಲಿ ಜೀವಂತ ಎಚ್‌ಐವಿ ಹಾಕಲ್ಲ, ಅದರಿಂದ ಸೋಂಕು ತಗಲಲ್ಲ ಅಂದೆ, ತಕ್ಷಣ ಒಪ್ಕೊಂಡ್ರು. ಆದ್ರೂ ಮುಖ ಸಡಿಲ ಆಗ್ಲಿಲ್ಲ. ನಾನೂ ಮಾತಾಡದೆ ಕೂತೆ. ಆಮೇಲೆ ಮೆಲ್ಲಗೆ, "ಆ ಲಸಿಕೆಗೆ ಕ್ಯೂ ನಿಂತ್ರೆ ಮನೆ ವಿಷ್ಯ ಎಲ್ರಿಗೂ ಗೊತ್ತಾಗಲ್ವಾ" ಅಂದ್ರು.

ಅಸಲಿ ಭಯ ಇದೇ. ಬೇಡ ಅಂದೋರಿಗೆಲ್ಲಾ ತಿಳುವಳಿಕೆ ಇಲ್ಲ ಅಂದ್ಕೊಳ್ಳೋದು ದೊಡ್ಡ ತಪ್ಪು, ಇವ್ರಿಗೆ ಇನ್ನಷ್ಟು ಮಾಹಿತಿ ತುಂಬಿದ್ರೆ ಏನೂ ಆಗ್ತಿರ್ಲಿಲ್ಲ.

ಅವರು ಕೇಳದೇ ಇದ್ರೂ ಒಂದು ಹೇಳ್ದೆ. ಕೆಲವು ಪ್ರಾಯೋಗಿಕ ಲಸಿಕೆ ತಗೊಂಡವ್ರಿಗೆ ಸೋಂಕಿಲ್ದಿದ್ರೂ ಮಾಮೂಲಿ ಆಂಟಿಬಾಡಿ ಟೆಸ್ಟ್ (ವೈರಸ್ ವಿರುದ್ಧ ದೇಹ ಮಾಡ್ಕೊಳ್ಳೋ ಪ್ರತಿಕಾಯ ಹುಡುಕೋದು) ಪಾಸಿಟಿವ್ ಬರಬಹುದು, ಆಗ ವೈರಸ್ಸನ್ನೇ ನೇರ ಹುಡುಕೋ ಆರ್‌ಎನ್‌ಎ ಟೆಸ್ಟ್ ಮಾಡ್ಬೇಕು. ಜನರ ಕಣ್ಣಿಗೆ ಹೆದರೋ ಇವ್ರ ಹತ್ರ ಇದನ್ನ ಮುಚ್ಚಿಟ್ರೆ ನಾಳೆ ನನ್ನ ಯಾವ ಮಾತನ್ನೂ ನಂಬಲ್ಲ. ಲಸಿಕೆ ಇನ್ನೂ ಬಂದಿಲ್ಲ ಅನ್ನೋದನ್ನೂ ಬಿಚ್ಚಿ ಹೇಳ್ದೆ. ಥಾಯ್ಲೆಂಡಲ್ಲಿ 16,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದಲ್ಲಿ 2009ರಲ್ಲಿ ಸಿಕ್ಕಿದ್ದು ಸುಮಾರು 31% ರಕ್ಷಣೆ, ಅದೇ ದಾರಿಲಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ್ದನ್ನ ಫಲ ಕಾಣ್ದೆ 2020ರಲ್ಲಿ ನಿಲ್ಲಿಸಿದ್ರು.

ನನ್ನ ಸಲಹೆ ಇಷ್ಟೇ ಇತ್ತು: ಇಲ್ದಿರೋ ಲಸಿಕೆಗೆ ಇವತ್ತೇ ಉತ್ತರ ಕೊಡ್ಬೇಕಾಗಿಲ್ಲ, ಫಾರ್ಮಲ್ಲಿ 'ಗುಟ್ಟಾಗಿ ಕೊಟ್ರೆ ಹೌದು' ಅಂತಾನೂ ಬರೀಬಹುದು, ಅದೂ ಉತ್ತರಾನೇ. ಆದ್ರೆ ಇವತ್ತಿನ ರಕ್ಷಣೆ ಬಿಡ್ಬೇಡಿ. ಗಂಡ ದಿನಾ ಮಾತ್ರೆ ತಗೊಂಡು ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲೇ ಉಳಿದ್ರೆ ಲೈಂಗಿಕ ಸಂಪರ್ಕದಿಂದ ನಿಮಗೆ ಹರಡಲ್ಲ. ಆ ಮಟ್ಟ ಮುಟ್ಟೋವರೆಗೂ ಕಾಂಡೋಮ್ ಇರ್ಲಿ, ನಿಮಗೆ ಸೋಂಕು ತಗಲದ ಹಾಗೆ ಮುಂಚೇನೇ ತಗೊಳ್ಳೋ ಪ್ರೆಪ್ ಮಾತ್ರೆ ಬೇಕಾ ಅಂತ ಡಾಕ್ಟರ್ ಹತ್ರ ಕೇಳೋಣ.

ವೈರಲ್ ಲೋಡ್ ಕೊನೇ ಸಲ ಯಾವಾಗ ನೋಡ್ಸಿದ್ರು ಅಂತ ಕೇಳ್ದೆ, ಗೊತ್ತಿರ್ಲಿಲ್ಲ. ಮುಂದಿನ ಸಲ ರಿಪೋರ್ಟ್ ಹಿಡ್ಕೊಂಡು ಇಬ್ರೂ ಬನ್ನಿ ಅಂದಿದೀನಿ.